ನಾಟ್‌ಮಚ್: ಟರ್ಮಿನಲ್‌ನಲ್ಲೇ ಹಳೆಯ ಇಮೇಲ್ ಹುಡುಕುವ ಸಮಗ್ರ ಮಾರ್ಗದರ್ಶಿ

"ನಾಟ್‌ಮಚ್ ಹಾಕಿಕೊಂಡೆ, ಏನು ಹುಡುಕಿದರೂ ಒಂದು ಸಾಲೂ ಬರುತ್ತಿಲ್ಲ." ಈ ಉಪಕರಣದ ಬಗ್ಗೆ ನನ್ನ ಬಳಿ ಕೇಳುವವರಲ್ಲಿ ಬಹುಪಾಲು ಜನರ ಪ್ರಶ್ನೆ ಇದೇ. ಕಾರಣವೂ ಹೆಚ್ಚುಕಡಿಮೆ ಒಂದೇ. ನಾಟ್‌ಮಚ್ ಮೇಲ್ ತರುವುದೂ ಇಲ್ಲ, ಕಳಿಸುವುದೂ ಇಲ್ಲ. ನಿಮ್ಮ ಕಂಪ್ಯೂಟರ್‌ನ ಡಿಸ್ಕ್‌ನಲ್ಲಿ ಆಗಲೇ ಬಂದು ಕೂತಿರುವ ಮೇಲ್‌ಗಳನ್ನು ಓದಿ ಇಂಡೆಕ್ಸ್ (ಯಾವ ಪದ ಯಾವ ಮೇಲ್‌ನಲ್ಲಿದೆ ಎಂಬ ಸೂಚಿ) ಮಾಡುತ್ತದೆ, ಆ ಇಂಡೆಕ್ಸ್‌ನೊಳಗೆ ಹುಡುಕುತ್ತದೆ, ಅಷ್ಟೇ. ಮೇಲ್ ತರುವ ಕೆಲಸಕ್ಕೆ ಬೇರೆ ಉಪಕರಣ ಬೇಕು, ಅದೇ ಮೊದಲು ಆಗಬೇಕು.

ಆದ್ದರಿಂದ ಕೆಳಗಿನ ಕ್ರಮವನ್ನು ದಯವಿಟ್ಟು ಹಿಂದುಮುಂದು ಮಾಡಬೇಡಿ. ಒಂದು ಹಂತ ಸರಿಯಾಗದೆ ಮುಂದಿನದಕ್ಕೆ ಹೋದರೆ ತಪ್ಪು ಎಲ್ಲಿದೆ ಎಂದು ಪತ್ತೆ ಮಾಡುವುದೇ ದೊಡ್ಡ ಕೆಲಸವಾಗುತ್ತದೆ. ಉದಾಹರಣೆಗೆ ಜಿಮೇಲ್ ಖಾತೆ ಮತ್ತು ಉಬುಂಟು ಲಿನಕ್ಸ್ ತೆಗೆದುಕೊಂಡಿದ್ದೇನೆ. ಡೆಬಿಯನ್‌ನಲ್ಲೂ ಇದೇ ಕಮಾಂಡ್‌ಗಳು ನಡೆಯುತ್ತವೆ.

ಓದುವ ಮುನ್ನ ಒಂದು ಮಾತು. ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಬರೆಯುವ ಕಿಟಕಿಯಲ್ಲಿ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿ. ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲವೂ ಸಣ್ಣಕ್ಷರ. ಕಾಗುಣಿತ ತಪ್ಪಬಹುದಾದ ಕಡೆ ಒಂದೊಂದೇ ಅಕ್ಷರ ಬಿಡಿಸಿ ಹೇಳಿದ್ದೇನೆ. ನಾಟ್‌ಮಚ್ ಎಂದರೆ ಎನ್-ಒ-ಟಿ-ಎಂ-ಯು-ಸಿ-ಎಚ್, ನಡುವೆ ಜಾಗ ಇಲ್ಲ.

## ಶುರು ಮಾಡುವ ಮುಂಚೆ ಕೈಯಲ್ಲಿರಬೇಕಾದದ್ದು

ಡಿಸ್ಕ್‌ನಲ್ಲಿ ಜಾಗ. ಜಿಮೇಲ್‌ನಲ್ಲಿ ನಿಮ್ಮ ಮೇಲ್ ಎಷ್ಟು ಜಿಬಿ ಇದೆಯೋ ಅಷ್ಟು ಬೇಕು, ಇಂಡೆಕ್ಸ್‌ಗೆಂದು ಅದರ ಮೇಲೆ ಇನ್ನಷ್ಟು ಬೇಕು.

ಸಮಯವೂ ಬೇಕು. ಐಮ್ಯಾಪ್ (ಸರ್ವರ್‌ನಿಂದ ಮೇಲ್ ತರುವ ವಿಧಾನ) ಮೂಲಕ ದಿನಕ್ಕೆ 2,500 ಎಂಬಿವರೆಗೆ ಮಾತ್ರ ಇಳಿಸಿಕೊಳ್ಳಲು ಗೂಗಲ್ ಬಿಡುತ್ತದೆ. 10 ಜಿಬಿ ಮೇಲ್ ಇದ್ದರೆ ನಾಲ್ಕು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವ ಕೊನೆಯ ದಿನದ ಹಿಂದಿನ ರಾತ್ರಿ ಇದನ್ನು ಶುರು ಮಾಡಿದರೆ ಫಾರ್ಮ್ 16 ಸಿಗುವುದಿಲ್ಲ.

ವಿಂಡೋಸ್ ಬಳಸುವವರು ಡಬ್ಲ್ಯುಎಸ್ಎಲ್ (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಹಾಕಿಕೊಂಡು ಅದರೊಳಗಿನ ಉಬುಂಟುವಿನಲ್ಲಿ ಮಾಡಬಹುದು. ಆದರೆ ಮೇಲ್ ಫೋಲ್ಡರನ್ನು ಲಿನಕ್ಸ್‌ನ ಹೋಮ್ ಫೋಲ್ಡರ್‌ನಲ್ಲೇ ಇಡಿ, ಸಿ ಡ್ರೈವ್‌ನಲ್ಲಿ ಇಡಬೇಡಿ. ಪ್ರತಿ ಮೇಲ್‌ನ ಫೈಲ್ ಹೆಸರಿನಲ್ಲಿ ಕೋಲನ್ ಚಿಹ್ನೆ ಬರುತ್ತದೆ, ವಿಂಡೋಸ್ ಫೈಲ್ ಹೆಸರಿನಲ್ಲಿ ಕೋಲನ್‌ಗೆ ಅವಕಾಶವಿಲ್ಲ. ಪೆನ್‌ಡ್ರೈವ್‌ಗಳಲ್ಲೂ ಇದೇ ತೊಂದರೆ.

## ಹಂತ 1: ಎರಡೂ ಉಪಕರಣಗಳನ್ನು ಒಟ್ಟಿಗೇ ಹಾಕಿಕೊಳ್ಳಿ

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ನಾಟ್‌ಮಚ್ ಐಸಿಂಕ್

ಐಸಿಂಕ್ ಎಂದರೆ ಐ-ಎಸ್-ವೈ-ಎನ್-ಸಿ. ಇಲ್ಲೇ ಅನೇಕರು ಮೊದಲ ಬಾರಿ ಎಡವುತ್ತಾರೆ. ಪ್ಯಾಕೇಜಿನ ಹೆಸರು ಐಸಿಂಕ್, ಆದರೆ ಅದು ಕೊಡುವ ಕಮಾಂಡಿನ ಹೆಸರು ಎಂಬಿಸಿಂಕ್: ಎಂ-ಬಿ-ಎಸ್-ವೈ-ಎನ್-ಸಿ. ಐಸಿಂಕ್ ಎಂದು ಟೈಪ್ ಮಾಡಿ "ಕಮಾಂಡ್ ನಾಟ್ ಫೌಂಡ್" ಬಂತೆಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುತ್ತಾ ಕೂರಬೇಡಿ.

ಫೆಡೋರಾದಲ್ಲಿ ಆಪ್ಟ್ ಬದಲು ಡಿಎನ್ಎಫ್ ಬಳಸಿ. ಮ್ಯಾಕ್‌ನಲ್ಲಿ ಸುಡೊ ಇಲ್ಲದೆ ಬ್ರೂ ಇನ್‌ಸ್ಟಾಲ್. ಪ್ಯಾಕೇಜುಗಳ ಹೆಸರು ಅವೇ.

ಈಗ ಎಂಬಿಸಿಂಕ್‌ನ ಆವೃತ್ತಿ ನೋಡಿಕೊಳ್ಳಿ:

ಎಂಬಿಸಿಂಕ್ --ವರ್ಷನ್

ಬಂದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಹಂತ 3ರಲ್ಲಿ ಬೇಕು. ಸುಡೊ (ಅಡ್ಮಿನ್ ಅಧಿಕಾರದಲ್ಲಿ ಕಮಾಂಡ್ ಓಡಿಸುವ ಪದ) ಬಳಸಬೇಕಾದ ಜಾಗ ಇದೊಂದೇ. ಮುಂದಿನ ಯಾವ ಕಮಾಂಡಿಗೂ ಸುಡೊ ಹಚ್ಚಬೇಡಿ. ಹಚ್ಚಿದರೆ ಮೇಲ್ ಫೈಲ್‌ಗಳ ಒಡೆತನ ರೂಟ್ ಎಂಬ ಅಡ್ಮಿನ್ ಖಾತೆಗೆ ಹೋಗುತ್ತದೆ, ಆಮೇಲೆ ನಿಮ್ಮ ಮೇಲ್ ನಿಮಗೇ ತೆರೆಯುವುದಿಲ್ಲ.

## ಹಂತ 2: ಆ್ಯಪ್ ಪಾಸ್‌ವರ್ಡ್ ಪಡೆಯಿರಿ

ಬ್ರೌಸರ್‌ನಲ್ಲಿ ಲಾಗಿನ್ ಆಗುವ ಪಾಸ್‌ವರ್ಡ್ ಇಲ್ಲಿ ನಡೆಯುವುದಿಲ್ಲ. ಗೂಗಲ್ ಖಾತೆಯ ಭದ್ರತಾ ಪುಟಕ್ಕೆ ಹೋಗಿ ಮೊದಲು ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ. ಅದು ಆನ್ ಆಗುವ ತನಕ ಆ್ಯಪ್ ಪಾಸ್‌ವರ್ಡ್ (ಇಂಥ ಉಪಕರಣಗಳಿಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್) ಸೌಲಭ್ಯ ಸಿಗುವುದಿಲ್ಲ. ಆಮೇಲೆ ಒಂದು ಆ್ಯಪ್ ಪಾಸ್‌ವರ್ಡ್ ಸೃಷ್ಟಿಸಿ. 16 ಅಕ್ಷರಗಳು ನಾಲ್ಕು ನಾಲ್ಕರ ಗುಂಪಾಗಿ ಕಾಣುತ್ತವೆ. ನಡುವಿನ ಜಾಗಗಳನ್ನು ತೆಗೆದು, ಒಂದೇ ಸಾಲಿನಲ್ಲಿ ಒಂದು ಫೈಲ್‌ಗೆ ಬರೆಯಿರಿ. ಆ ಫೈಲ್ ನಿಮಗೆ ಬಿಟ್ಟು ಬೇರೆಯವರಿಗೆ ಓದಲಾಗದಂತೆ ಮಾಡಿ (ನ್ಯಾನೊ ಎಂದರೆ ಟರ್ಮಿನಲ್‌ನಲ್ಲೇ ಫೈಲ್ ಬರೆಯುವ ಉಪಕರಣ, ~ ಎಂದರೆ ನಿಮ್ಮ ಹೋಮ್ ಫೋಲ್ಡರ್):

ನ್ಯಾನೊ ~/.ಮೇಲ್‌ಪಾಸ್
ಸಿಎಚ್‌ಮಾಡ್ 600 ~/.ಮೇಲ್‌ಪಾಸ್

ಮನೆಯವರೆಲ್ಲ ಒಂದೇ ಲಾಗಿನ್‌ನಲ್ಲಿ ಬಳಸುವ ಕಂಪ್ಯೂಟರ್ ಆದರೆ ಇಷ್ಟು ಸಾಲದು, ಜಿಪಿಜಿ ಎಂಬ ಗೂಢಲಿಪಿ ಉಪಕರಣದಿಂದ ಗೂಢಲಿಪೀಕರಿಸಿ ಇಡಿ.

ಕಚೇರಿ ಅಥವಾ ಕಾಲೇಜು ಕೊಟ್ಟ ಖಾತೆಯಾದರೆ ಅಲ್ಲಿನ ಅಡ್ಮಿನ್ ಈ ಸೌಲಭ್ಯವನ್ನು ಮುಚ್ಚಿರಬಹುದು. ಕೇಳಿ ಅನುಮತಿ ಪಡೆಯಿರಿ. ಕಚೇರಿಯ ಮೇಲ್ ಅನ್ನು ಸ್ವಂತ ಲ್ಯಾಪ್‌ಟಾಪಿಗೆ ಇಳಿಸುವುದಕ್ಕೆ ಎಷ್ಟೋ ಕಡೆ ಅವಕಾಶವಿರುವುದಿಲ್ಲ.

## ಹಂತ 3: ಎಂಬಿಸಿಂಕ್‌ನ ಸೆಟ್ಟಿಂಗ್ ಫೈಲ್

ಇಡೀ ಕೆಲಸದಲ್ಲಿ ಹೆಚ್ಚು ತಪ್ಪಾಗುವ ಹಂತ ಇದು, ನಿಧಾನವಾಗಿ ಮಾಡಿ. ಮೊದಲು ಮೇಲ್ ಬಂದು ಕೂರುವ ಫೋಲ್ಡರ್ ಮಾಡಿ. ಅದು ಮೊದಲೇ ಇಲ್ಲದಿದ್ದರೆ ಎಂಬಿಸಿಂಕ್ ತಾನಾಗಿ ಮಾಡಿಕೊಳ್ಳದೆ ದೋಷ ತೋರಿಸಿ ನಿಲ್ಲುತ್ತದೆ.

ಎಂಕೆಡಿಐಆರ್ -ಪಿ ~/ಮೇಲ್/ಜಿಮೇಲ್

ಈಗ ಹೋಮ್ ಫೋಲ್ಡರ್‌ನಲ್ಲಿ ಚುಕ್ಕೆಯಿಂದ ಶುರುವಾಗುವ .ಎಂಬಿಸಿಂಕ್‌ಆರ್‌ಸಿ ಎಂಬ ಫೈಲ್ ತೆರೆದು ನಾಲ್ಕು ಗುಂಪುಗಳನ್ನು ಬರೆಯಿರಿ. ಐಮ್ಯಾಪ್‌ಅಕೌಂಟ್, ಪಾಸ್‌ಸಿಎಂಡಿ ಮುಂತಾದವು ಜಾಗವಿಲ್ಲದ ಒಂದೇ ಪದ. ಇಂಥ ಕೀಪದಗಳಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದವಿಲ್ಲ.

ಐಮ್ಯಾಪ್‌ಅಕೌಂಟ್ ಜಿಮೇಲ್
ಹೋಸ್ಟ್ ಐಮ್ಯಾಪ್.ಜಿಮೇಲ್.ಕಾಮ್
ಯೂಸರ್ (ನಿಮ್ಮ ಪೂರ್ತಿ ಇಮೇಲ್ ವಿಳಾಸ)
ಪಾಸ್‌ಸಿಎಂಡಿ "ಕ್ಯಾಟ್ ~/.ಮೇಲ್‌ಪಾಸ್"
ಟಿಎಲ್ಎಸ್‌ಟೈಪ್ ಐಮ್ಯಾಪ್ಸ್

ಐಮ್ಯಾಪ್‌ಸ್ಟೋರ್ ದೂರ
ಅಕೌಂಟ್ ಜಿಮೇಲ್

ಮೇಲ್‌ಡಿರ್‌ಸ್ಟೋರ್ ಹತ್ತಿರ
ಪಾತ್ ~/ಮೇಲ್/ಜಿಮೇಲ್/
ಇನ್‌ಬಾಕ್ಸ್ ~/ಮೇಲ್/ಜಿಮೇಲ್/ಇನ್‌ಬಾಕ್ಸ್
ಸಬ್‌ಫೋಲ್ಡರ್ಸ್ ವರ್ಬೇಟಿಮ್

ಚಾನೆಲ್ ಜಿಮೇಲ್
ಫಾರ್ :ದೂರ:
ನಿಯರ್ :ಹತ್ತಿರ:
ಪ್ಯಾಟರ್ನ್ಸ್ *
ಕ್ರಿಯೇಟ್ ನಿಯರ್
ಸಿಂಕ್ ಪುಲ್
ಎಕ್ಸ್‌ಪಂಜ್ ನನ್
ಸಿಂಕ್‌ಸ್ಟೇಟ್ *

ಐಮ್ಯಾಪ್ಸ್ ಎಂದರೆ ಐ-ಎಂ-ಎ-ಪಿ-ಎಸ್, ಎಕ್ಸ್‌ಪಂಜ್ ಎಂದರೆ ಇ-ಎಕ್ಸ್-ಪಿ-ಯು-ಎನ್-ಜಿ-ಇ, ನನ್ ಎಂದರೆ ಎನ್-ಒ-ಎನ್-ಇ, ಫಾರ್ ಎಂದರೆ ಎಫ್-ಎ-ಆರ್, ಸಿಂಕ್ ಎಂದರೆ ಎಸ್-ವೈ-ಎನ್-ಸಿ. 'ದೂರ', 'ಹತ್ತಿರ' ನಾನಿಟ್ಟ ಹೆಸರುಗಳು. ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಬೇರೆ ಏನನ್ನಾದರೂ ಇಡಿ, ಎರಡೂ ಕಡೆ ಒಂದೇ ರೀತಿ ಇದ್ದರೆ ಸಾಕು.

ಗಮನಿಸಬೇಕಾದ ಸೂಕ್ಷ್ಮಗಳು ಇವು.

ಗುಂಪು ಗುಂಪಿನ ನಡುವೆ ಖಾಲಿ ಸಾಲು ಇರಲೇಬೇಕು, ಗುಂಪಿನ ಒಳಗೆ ಇರಲೇಬಾರದು. ಖಾಲಿ ಸಾಲು ಬಂದರೆ ಆ ಗುಂಪು ಮುಗಿಯಿತು ಎಂದೇ ಎಂಬಿಸಿಂಕ್ ತಿಳಿಯುತ್ತದೆ. ಅಂದಕ್ಕೆಂದು ನಡುವೆ ಒಂದು ಸಾಲು ಬಿಟ್ಟರೆ ಕೆಳಗಿನ ಸಾಲುಗಳೆಲ್ಲ ಅನಾಥವಾಗುತ್ತವೆ.

ಪಾತ್ ಸಾಲಿನ ಕೊನೆಯ ಓರೆಗೆರೆ ಬಿಡಬೇಡಿ. ಬಿಟ್ಟರೆ ಫೋಲ್ಡರ್ ಹೆಸರುಗಳು ಒಂದಕ್ಕೊಂದು ಅಂಟಿಕೊಂಡು ಬೇರೆಲ್ಲೋ ಸೃಷ್ಟಿಯಾಗುತ್ತವೆ.

ನಿಮ್ಮ ಆವೃತ್ತಿ 1.5ಕ್ಕಿಂತ ಹಳೆಯದಾದರೆ ಟಿಎಲ್ಎಸ್‌ಟೈಪ್ ಬದಲು ಎಸ್ಎಸ್ಎಲ್‌ಟೈಪ್ ಬರೆಯಿರಿ. ಫಾರ್, ನಿಯರ್ ಪದಗಳು 1.4ರಿಂದ ಬಂದವು. ಹಳೆಯ ಪಾಠಗಳಲ್ಲಿ ಮಾಸ್ಟರ್, ಸ್ಲೇವ್ ಎಂದಿರುತ್ತದೆ. ಎರಡು ಕಾಲದ ಪಾಠಗಳಿಂದ ತುಂಡು ತುಂಡು ತಂದು ಜೋಡಿಸಬೇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು 'ಸಿಂಕ್ ಪುಲ್'. ಇದರರ್ಥ ಮೇಲ್ ಸರ್ವರ್‌ನಿಂದ ನಿಮ್ಮ ಕಡೆಗೆ ಮಾತ್ರ ಬರುತ್ತದೆ. ನಿಮ್ಮ ಕಡೆ ಏನೇ ಎಡವಟ್ಟಾದರೂ, ಇಡೀ ಫೋಲ್ಡರ್ ಅಳಿಸಿಹೋದರೂ, ಜಿಮೇಲ್‌ನಲ್ಲಿರುವ ಮೂಲ ಮೇಲ್‌ಗೆ ಏನೂ ಆಗುವುದಿಲ್ಲ. ಪೂರ್ವನಿಯೋಜಿತ ಸೆಟ್ಟಿಂಗ್ ಇಮ್ಮುಖ. ಹುಡುಕಾಟಕ್ಕಷ್ಟೇ ಮೇಲ್ ತರುವವರಿಗೆ ಇಮ್ಮುಖ ಸಿಂಕ್ ಬೇಕಾಗಿಯೇ ಇಲ್ಲ. ಈ ಒಂದು ಸಾಲನ್ನು ಮರೆತು ಹತ್ತು ವರ್ಷದ ಮೇಲ್‌ಗಳನ್ನು ಅಪಾಯಕ್ಕೆ ಒಡ್ಡಬೇಡಿ.

## ಹಂತ 4: ಪಟ್ಟಿ ನೋಡಿ, ಆಮೇಲೆ ಇಳಿಸಿ

ನೇರವಾಗಿ ಇಳಿಸಲು ಹೋಗಬೇಡಿ. ಯಾವ ಯಾವ ಫೋಲ್ಡರ್‌ಗಳಿವೆ ಎಂದು ಮೊದಲು ಕೇಳಿ:

ಎಂಬಿಸಿಂಕ್ --ಲಿಸ್ಟ್ ಜಿಮೇಲ್

ಪಟ್ಟಿ ಬಂದರೆ ಪಾಸ್‌ವರ್ಡ್, ಸರ್ವರ್, ಸೆಟ್ಟಿಂಗ್ ಎಲ್ಲವೂ ಸರಿ ಇದೆ ಎಂದರ್ಥ. "ಇನ್‌ವ್ಯಾಲಿಡ್ ಕ್ರೆಡೆನ್ಶಿಯಲ್ಸ್" ಎಂದು ಬಂದರೆ ಹಂತ 2ಕ್ಕೆ ಮರಳಿ. ಮಾಮೂಲಿ ಪಾಸ್‌ವರ್ಡ್ ಹಾಕಿರುತ್ತೀರಿ, ಇಲ್ಲವೇ ಆ್ಯಪ್ ಪಾಸ್‌ವರ್ಡ್‌ನಲ್ಲಿ ಒಂದಕ್ಷರ ತಪ್ಪಿರುತ್ತದೆ.

ಪಟ್ಟಿಯಲ್ಲಿ ಇನ್‌ಬಾಕ್ಸ್, ನಿಮ್ಮ ಲೇಬಲ್‌ಗಳು, ಜೊತೆಗೆ ಚೌಕ ಆವರಣದೊಳಗಿನ ಜಿಮೇಲ್ ಎಂಬುದರ ಕೆಳಗೆ 'ಆಲ್ ಮೇಲ್' ಎಂಬ ಫೋಲ್ಡರ್ ಕಾಣುತ್ತದೆ. ಜಿಮೇಲ್‌ನ ಪ್ರತಿ ಲೇಬಲ್ ಇಲ್ಲಿ ಒಂದೊಂದು ಫೋಲ್ಡರ್. ಎರಡು ಲೇಬಲ್ ಇರುವ ಮೇಲ್ ಎರಡು ಫೋಲ್ಡರ್‌ನಲ್ಲೂ ಇರುತ್ತದೆ, ಆಲ್ ಮೇಲ್‌ನಲ್ಲಿ ಮೂರನೇ ಸಲ. ಎಲ್ಲವನ್ನೂ ಇಳಿಸಿದರೆ ಡಿಸ್ಕ್ ಜಾಗವೂ ದಿನದ 2,500 ಎಂಬಿ ಮಿತಿಯೂ ವ್ಯರ್ಥ. ಆದ್ದರಿಂದ ಆಲ್ ಮೇಲ್ ಒಂದನ್ನೇ ತನ್ನಿ. ಸೆಟ್ಟಿಂಗ್ ಫೈಲ್‌ಗೆ ಹಿಂತಿರುಗಿ ಪ್ಯಾಟರ್ನ್ಸ್ ಸಾಲಿನ ನಕ್ಷತ್ರವನ್ನು ಅಳಿಸಿ, ಪಟ್ಟಿಯಲ್ಲಿ ಕಂಡ ಹೆಸರನ್ನು ಇದ್ದದ್ದು ಇದ್ದಂತೆಯೇ ಜೋಡಿ ಉದ್ಧರಣ ಚಿಹ್ನೆಯೊಳಗೆ ಅಂಟಿಸಿ. ಇಲ್ಲಿ ದೊಡ್ಡಕ್ಷರ ಸಣ್ಣಕ್ಷರ ಹಾಗೇ ಇರಬೇಕು.

ಕನ್ನಡಿಗರಿಗೆ ವಿಶೇಷವಾಗಿ ಕಾಡುವ ಒಂದು ಸಂಗತಿ ಇಲ್ಲಿದೆ. ಜಿಮೇಲ್‌ನ ಭಾಷೆಯನ್ನು ಬದಲಿಸಿದರೆ ಐಮ್ಯಾಪ್‌ನಲ್ಲಿ ಈ ಫೋಲ್ಡರ್‌ಗಳ ಹೆಸರೂ ಆ ಭಾಷೆಗೆ ಬದಲಾಗುತ್ತದೆ. ನೀವು ಜಿಮೇಲನ್ನು ಕನ್ನಡದಲ್ಲಿ ಬಳಸುತ್ತಿದ್ದು, ಯಾವುದೋ ಪಾಠದಲ್ಲಿ ಕಂಡ ಇಂಗ್ಲಿಷ್ ಹೆಸರನ್ನೇ ಹಾಕಿದರೆ ಒಂದು ಮೇಲೂ ಬರುವುದಿಲ್ಲ. ಪಟ್ಟಿ ನೋಡಿ ಅಂಟಿಸಿ ಎಂದು ಒತ್ತಿ ಹೇಳುವುದು ಇದಕ್ಕೇ. ಸಿಂಕ್ ಶುರುವಾದ ಮೇಲೆ ಜಿಮೇಲ್ ಭಾಷೆ ಬದಲಿಸಬೇಡಿ.

ಸ್ಪ್ಯಾಮ್, ಕಸದ ಬುಟ್ಟಿಯ ಮೇಲ್‌ಗಳು ಆಲ್ ಮೇಲ್‌ನಲ್ಲಿ ಇರುವುದಿಲ್ಲ ಎಂಬುದು ನೆನಪಿರಲಿ. ಈಗ ಇಳಿಸಿ:

ಎಂಬಿಸಿಂಕ್ ಜಿಮೇಲ್

ನಡುವೆ ಕರೆಂಟ್ ಹೋದರೆ, ನೆಟ್ ನಿಂತರೆ ಗಾಬರಿ ಬೇಡ. ಮತ್ತೆ ಅದೇ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. "ಓವರ್‌ಕೋಟಾ" ಎಂಬ ಪದ ಕಂಡರೆ ದಿನದ ಮಿತಿ ಮುಗಿದಿದೆ ಎಂದರ್ಥ. 24 ಗಂಟೆ ಬಿಟ್ಟು ಮತ್ತೆ ನಡೆಸಿ. ಮಿತಿ ಮುಟ್ಟಿದ ಮೇಲೂ ನಿಮಿಷಕ್ಕೊಮ್ಮೆ ಪ್ರಯತ್ನಿಸುತ್ತಾ ಹೋಗಬೇಡಿ.

ಬಂದ ಫೈಲ್‌ಗಳನ್ನು ಕೈಯಾರೆ ಬೇರೆ ಫೋಲ್ಡರ್‌ಗೆ ಸರಿಸಬೇಡಿ, ಹೆಸರು ಬದಲಿಸಬೇಡಿ. "ಡೂಪ್ಲಿಕೇಟ್ ಯುಐಡಿ" ಎಂಬ ದೋಷ ಬಂದರೆ ಯಾರೋ ಫೈಲ್ ನಕಲು ಮಾಡಿ ಅಲ್ಲಿ ಇಟ್ಟಿದ್ದಾರೆ ಎಂದೇ ತಿಳಿಯಿರಿ.

ಗೂಗಲ್ ಟೇಕ್‌ಔಟ್‌ನಿಂದ ಇಳಿಸಿಕೊಂಡ ಮೇಲ್ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಟೇಕ್‌ಔಟ್ ಕೊಡುವುದು ಎಂಬಾಕ್ಸ್, ಅಂದರೆ ಸಾವಿರಾರು ಮೇಲ್‌ಗಳನ್ನು ಒಂದೇ ಫೈಲ್‌ನಲ್ಲಿ ಪೋಣಿಸಿದ ರೂಪ. ನಾಟ್‌ಮಚ್‌ಗೆ ಒಂದು ಮೇಲ್‌ಗೆ ಒಂದು ಫೈಲ್ ಇರಬೇಕು. ನೇರವಾಗಿ ನಡೆಯುವುದಿಲ್ಲ.

## ಹಂತ 5: ಇಂಡೆಕ್ಸ್ ಮಾಡಿಸಿ

ನಾಟ್‌ಮಚ್ ಸೆಟಪ್

ಹೆಸರು, ಮುಖ್ಯ ಇಮೇಲ್, ಬೇರೆ ಇಮೇಲ್ ಇದ್ದರೆ ಅದು, ಮೇಲ್ ಇರುವ ಫೋಲ್ಡರ್, ಹೊಸ ಮೇಲ್‌ಗೆ ಹಚ್ಚಬೇಕಾದ ಟ್ಯಾಗ್‌ಗಳು (ಗುರುತುಪದಗಳು), ಹುಡುಕಾಟದಿಂದ ಹೊರಗಿಡಬೇಕಾದ ಟ್ಯಾಗ್‌ಗಳು: ಇಷ್ಟನ್ನು ಕೇಳುತ್ತದೆ. ಫೋಲ್ಡರ್ ಕೇಳಿದಾಗ ~ ಬಳಸದೆ ಮೇಲ್ ಫೋಲ್ಡರಿನ ಪೂರ್ತಿ ಹಾದಿ (ಉಬುಂಟುವಿನಲ್ಲಿ /ಹೋಮ್/ನಿಮ್ಮ ಯೂಸರ್ ಹೆಸರು/ಮೇಲ್) ಕೊಡಿ, ಅದರೊಳಗಿನ ಜಿಮೇಲ್ ಫೋಲ್ಡರನ್ನಲ್ಲ. ನಾಳೆ ಇನ್ನೊಂದು ಖಾತೆ ಸೇರಿಸಿದರೆ ಅದೂ ಇದರಡಿಯೇ ಬರುತ್ತದೆ. ಉಳಿದದ್ದಕ್ಕೆ ಎಂಟರ್ ಒತ್ತಿದರೆ ಸಾಕು.

ನಾಟ್‌ಮಚ್ ನ್ಯೂ

ಮೊದಲ ಬಾರಿ ನಿಧಾನ, ಆಮೇಲೆ ಪ್ರತಿ ಸಲ ಹೊಸ ಮೇಲ್‌ಗಳಷ್ಟೇ. "ಇಗ್ನೋರಿಂಗ್ ನಾನ್-ಮೇಲ್ ಫೈಲ್" ಎಂದು ಒಂದೆರಡು ಸಾಲು ಬಂದರೆ ದೋಷವಲ್ಲ, ಎಂಬಿಸಿಂಕ್ ತನ್ನ ಲೆಕ್ಕಕ್ಕೆ ಇಟ್ಟುಕೊಂಡ ಫೈಲ್‌ಗಳು ಅವು. ಅದೇ ಸಾಲು ಸಾವಿರಾರು ಬಂದರೆ ಮಾತ್ರ ಎಚ್ಚರ: ಎಂಬಾಕ್ಸ್ ಅಥವಾ ಬೇರೇನೋ ಇರುವ ಫೋಲ್ಡರ್ ತೋರಿಸಿದ್ದೀರಿ.

ಈಗ ಎಣಿಸಿ:

ನಾಟ್‌ಮಚ್ ಕೌಂಟ್

ಸೊನ್ನೆ ಬಂದರೆ ಹುಡುಕಲು ಹೋಗಬೇಡಿ. ಹಂತ 4ಕ್ಕೆ ಮರಳಿ, ಮೇಲ್ ನಿಜವಾಗಿ ಬಂದಿದೆಯೇ ನೋಡಿ. ಇಂಡೆಕ್ಸ್ ಆಗಿರುವ ಸಂಖ್ಯೆ ನಿಮ್ಮ ಅಂದಾಜಿಗೆ ಹತ್ತಿರ ಇದ್ದರೆ ಮಾತ್ರ ಮುಂದೆ.

## ಹಂತ 6: ಹುಡುಕುವುದು

ಒಂದು ನಿಜವಾದ ಕೆಲಸವನ್ನೇ ತೆಗೆದುಕೊಳ್ಳೋಣ. 2023-24ರ ಹಣಕಾಸು ವರ್ಷದ ವಿಮೆ ರಸೀದಿಗಳು ಬೇಕು. ವರ್ಷ ಏಪ್ರಿಲ್‌ನಿಂದ ಮಾರ್ಚ್.

ನಾಟ್‌ಮಚ್ ಸರ್ಚ್ 'ಪ್ರೀಮಿಯಂ ಅಂಡ್ ಅಟ್ಯಾಚ್‌ಮೆಂಟ್:ಪಿಡಿಎಫ್ ಅಂಡ್ ಡೇಟ್:2023-04..2024-03'

ಕೋಲನ್ ನಂತರ ಜಾಗ ಬಿಡಬೇಡಿ. ದಿನಾಂಕದ ನಡುವೆ ಎರಡೇ ಚುಕ್ಕೆ. 2024-03 ಎಂದರೆ ಮಾರ್ಚ್ ಪೂರ್ತಿ ಸೇರುತ್ತದೆ. ದಿನಾಂಕವನ್ನು ಸದಾ ವರ್ಷದಿಂದ ಶುರು ಮಾಡಿ ಬರೆಯಿರಿ. ಓರೆಗೆರೆ ಹಾಕಿ 03/04/2024 ಎಂದು ಬರೆದರೆ ಅಮೆರಿಕದ ರೂಢಿಯಂತೆ ಮಾರ್ಚ್ 4 ಎಂದು ಓದಿಕೊಳ್ಳುತ್ತದೆ. ಏಪ್ರಿಲ್ 3 ಎಂದುಕೊಂಡ ನೀವು ಮೇಲೇ ಇಲ್ಲ ಎಂದು ತೀರ್ಮಾನಿಸುತ್ತೀರಿ.

ಇಡೀ ಹುಡುಕಾಟವನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಇಡುವ ಅಭ್ಯಾಸ ಮಾಡಿಕೊಳ್ಳಿ. ಇಲ್ಲದಿದ್ದರೆ ನಕ್ಷತ್ರ, ಆವರಣ, ಜೋಡಿ ಚಿಹ್ನೆಗಳನ್ನು ನಾಟ್‌ಮಚ್‌ಗೆ ತಲುಪುವ ಮೊದಲೇ ಶೆಲ್ (ಟರ್ಮಿನಲ್‌ನಲ್ಲಿ ನಿಮ್ಮ ಕಮಾಂಡ್ ಓದುವ ತಂತ್ರಾಂಶ) ನುಂಗಿಬಿಡುತ್ತದೆ.

ಹೆಚ್ಚು ಬೇಕಾಗುವ ಮುಂಪದಗಳು: ಕಳಿಸಿದವರಿಗೆ ಫ್ರಮ್:, ಪಡೆದವರಿಗೆ ಟು: (ಸಿಸಿ, ಬಿಸಿಸಿ ಕೂಡ ಇದರಲ್ಲೇ ಸೇರುತ್ತವೆ), ವಿಷಯಕ್ಕೆ ಸಬ್ಜೆಕ್ಟ್:, ಲಗತ್ತಿನ ಫೈಲ್ ಹೆಸರಿಗೆ ಅಟ್ಯಾಚ್‌ಮೆಂಟ್:, ಟ್ಯಾಗ್‌ಗೆ ಟ್ಯಾಗ್:. ಮುಂಪದವಿಲ್ಲದ ಪದವನ್ನು ವಿಷಯ, ವಿಳಾಸ, ಒಡಲು ಎಲ್ಲದರಲ್ಲೂ ಹುಡುಕುತ್ತದೆ.

ಲಗತ್ತಿನ ಬಗ್ಗೆ ಎರಡು ಮಾತು. ನಾಟ್‌ಮಚ್ ಹುಡುಕುವುದು ಲಗತ್ತಿನ ಹೆಸರನ್ನು, ಪಿಡಿಎಫ್ ಒಳಗಿನ ಬರಹವನ್ನಲ್ಲ. ಇನ್ನು, ಫೈಲ್ ಹೆಸರಿನ ಅಡಿಗೆರೆ ಪದವನ್ನು ಒಡೆಯುವುದಿಲ್ಲ. ಫಾರ್ಮ್_16.ಪಿಡಿಎಫ್ ಎಂಬ ಫೈಲ್ ಅಟ್ಯಾಚ್‌ಮೆಂಟ್:ಫಾರ್ಮ್ ಎಂದರೆ ಸಿಗದು, ಕೊನೆಗೆ ನಕ್ಷತ್ರ ಹಚ್ಚಿ ಅಟ್ಯಾಚ್‌ಮೆಂಟ್:ಫಾರ್ಮ್* ಎಂದರೆ ಸಿಗುತ್ತದೆ. ನಕ್ಷತ್ರ ಪದದ ಕೊನೆಗೆ ಮಾತ್ರ, ಮೊದಲಿಗೆ ಹಾಕಿದರೆ ನಡೆಯದು.

ಫಲಿತಾಂಶದ ಪ್ರತಿ ಸಾಲೂ ಒಂದು ಥ್ರೆಡ್, ಒಂದು ಮೇಲ್ ಅಲ್ಲ. [1/4] ಎಂದಿದ್ದರೆ ನಾಲ್ಕು ಮೇಲ್‌ಗಳ ಮಾತುಕತೆಯಲ್ಲಿ ಒಂದು ಹೊಂದಿದೆ ಎಂದರ್ಥ. ತೆರೆದು ನೋಡಲು ಸಾಲಿನ ಮೊದಲಿಗಿರುವ ಥ್ರೆಡ್ ಗುರುತನ್ನು ನಕಲು ಮಾಡಿ ನಾಟ್‌ಮಚ್ ಶೋ ಎಂಬುದರ ನಂತರ ಅಂಟಿಸಿ. ಅಲ್ಲಿ ಪ್ರತಿ ಮೇಲ್‌ನ ಐಡಿ:, ಪ್ರತಿ ಲಗತ್ತಿನ ಸಂಖ್ಯೆ ಕಾಣುತ್ತವೆ. ಲಗತ್ತನ್ನು ಹೊರತೆಗೆಯಲು, ಸಂಖ್ಯೆ 2 ಆಗಿದ್ದರೆ:

ನಾಟ್‌ಮಚ್ ಶೋ --ಪಾರ್ಟ್=2 'ಐಡಿ:(ಮೇಲ್‌ನ ಗುರುತು)' > ರಸೀದಿ.ಪಿಡಿಎಫ್

ಇಲ್ಲಿ ಥ್ರೆಡ್ ಗುರುತು ನಡೆಯದು, ಒಂದೇ ಮೇಲ್‌ಗೆ ಹೊಂದುವ ಐಡಿಯೇ ಬೇಕು.

## ಹಂತ 7: ಕನ್ನಡದ ಮೇಲ್‌ಗಳು

ಮೇಲ್ ಫೋಲ್ಡರ್‌ನಲ್ಲಿ ಗ್ರೆಪ್ (ಫೈಲ್‌ಗಳಲ್ಲಿ ಪದ ಹುಡುಕುವ ಕಮಾಂಡ್) ಓಡಿಸಿ ಕನ್ನಡ ಪದ ಸಿಗಲಿಲ್ಲ ಎಂದು ಕೈಬಿಟ್ಟವರಿದ್ದಾರೆ. ಕನ್ನಡ ಮೇಲ್‌ಗಳ ಒಡಲು ಸಾಮಾನ್ಯವಾಗಿ ಬೇಸ್64ನಂಥ ಸಂಕೇತರೂಪದಲ್ಲಿ ಸಾಗುತ್ತದೆ, ಗ್ರೆಪ್‌ಗೆ ಅದು ಬರೀ ಅಕ್ಷರರಾಶಿ. ನಾಟ್‌ಮಚ್ ಅದನ್ನು ಬಿಡಿಸಿಯೇ ಇಂಡೆಕ್ಸ್ ಮಾಡುತ್ತದೆ. ಆದ್ದರಿಂದ ಹುಡುಕುವ ಪದವನ್ನು ಮಾತ್ರ ಕನ್ನಡದಲ್ಲೇ ಟೈಪ್ ಮಾಡಿ ಹುಡುಕಬಹುದು.

ಆದರೆ ವಿಭಕ್ತಿಯ ತೊಡಕಿದೆ. ಇಂಗ್ಲಿಷ್ ಪದಗಳ ಬಾಲ ಕತ್ತರಿಸಿ ಮೂಲರೂಪ ಹಿಡಿಯುವ ವ್ಯವಸ್ಥೆ ಅದರಲ್ಲಿದೆ, ಕನ್ನಡಕ್ಕೆ ಅದು ಅನ್ವಯಿಸುವುದಿಲ್ಲ. ರಸೀದಿ ಎಂದು ಹುಡುಕಿದರೆ ರಸೀದಿಯನ್ನು, ರಸೀದಿಗೆ, ರಸೀದಿಗಳು ಇರುವ ಮೇಲ್ ಬರುವುದಿಲ್ಲ. ರಸೀದಿ* ಎನ್ನಿ, ಎಲ್ಲವೂ ಬರುತ್ತವೆ.

ಉಕಾರದಲ್ಲಿ ಮುಗಿಯುವ ಪದಕ್ಕೆ ಇನ್ನೂ ಒಂದು ಹೆಜ್ಜೆ ಬೇಕು. ಕರಾರು ಎಂಬುದು ಕರಾರಿನ, ಕರಾರಿಗೆ ಎಂದಾಗುತ್ತದೆ. ಕರಾರು* ಎಂದರೆ ಅವು ಸಿಗವು. ಕೊನೆಯ ಕೊಂಬನ್ನು ತೆಗೆದು ಕರಾರ* ಎನ್ನಬೇಕು:

ನಾಟ್‌ಮಚ್ ಸರ್ಚ್ 'ಬಾಡಿಗೆ* ಅಂಡ್ ಕರಾರ*'

ಜೋಡಿ ಉದ್ಧರಣ ಚಿಹ್ನೆಯೊಳಗಿನ ಪದಗುಚ್ಛದಲ್ಲಿ ನಕ್ಷತ್ರ ಕೆಲಸ ಮಾಡದು, ಹಾಗಾಗಿ ಹೀಗೆ ಬಿಡಿಯಾಗಿ ಬರೆಯುವುದೇ ಲೇಸು. ರಸೀದಿ, ರಶೀದಿ ಎಂದು ಎರಡು ಬಗೆಯಲ್ಲಿ ಬರೆಯುವ ಪದಗಳಿಗೆ ನಡುವೆ 'ಆರ್' ಹಾಕಿ ಎರಡನ್ನೂ ಕೊಡಿ. ನಮ್ಮಲ್ಲಿ ಎಷ್ಟೋ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ, ಆ ರೂಪವನ್ನೂ ಸೇರಿಸಿದರೆ ಒಳ್ಳೆಯದು.

ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಬರೆದು ಅಂಟಿಸಿದ ಮೇಲ್‌ಗಳು ಯುನಿಕೋಡ್ ಅಲ್ಲ. ಕನ್ನಡ ಪದ ಕೊಟ್ಟರೆ ಅವು ಎಂದಿಗೂ ಸಿಗವು. ಅಂಥವನ್ನು ಕಳಿಸಿದವರ ಹೆಸರು ಮತ್ತು ದಿನಾಂಕದಿಂದ ಹುಡುಕಿ. ಇನ್ನು ಟರ್ಮಿನಲ್‌ನಲ್ಲಿ ಒತ್ತಕ್ಷರ ಒಡೆದು ಕಂಡರೆ ಅದು ತೋರಿಸುವಿಕೆಯ ದೋಷ. ಹುಡುಕಾಟಕ್ಕೆ ಏನೂ ಅಡ್ಡಿಯಿಲ್ಲ.

## ಹಂತ 8: ಟ್ಯಾಗ್ ಹಚ್ಚಿ, ಟ್ಯಾಗ್ ಕಾಪಾಡಿ

ಸಿಕ್ಕಿದ್ದನ್ನು ಮತ್ತೆ ಹುಡುಕದಂತೆ ಗುರುತು ಹಚ್ಚಬಹುದು, ಹೆಸರು ಕನ್ನಡದಲ್ಲೂ ಇರಬಹುದು:

ನಾಟ್‌ಮಚ್ ಟ್ಯಾಗ್ +ತೆರಿಗೆ -- 'ಪ್ರೀಮಿಯಂ ಅಂಡ್ ಡೇಟ್:2023-04..2024-03'

ಟ್ಯಾಗ್ ಮತ್ತು ಹುಡುಕಾಟದ ನಡುವಿನ ಎರಡು ಅಡ್ಡಗೆರೆ ಮರೆಯಬೇಡಿ. ಹಚ್ಚುವ ಮೊದಲು ಅದೇ ಹುಡುಕಾಟವನ್ನು ನಾಟ್‌ಮಚ್ ಕೌಂಟ್‌ಗೆ ಕೊಟ್ಟು ಸಂಖ್ಯೆ ನೋಡಿ. ಹತ್ತು ನಿರೀಕ್ಷಿಸಿದಲ್ಲಿ ಹತ್ತು ಸಾವಿರ ಬಂದರೆ ಎಲ್ಲೋ ಚಿಹ್ನೆ ತಪ್ಪಿದೆ.

ಡಿಲೀಟೆಡ್, ಸ್ಪ್ಯಾಮ್ ಎಂಬ ಟ್ಯಾಗ್ ಇರುವ ಮೇಲ್‌ಗಳು ಮಾಮೂಲಿ ಹುಡುಕಾಟದಲ್ಲಿ ಕಾಣುವುದಿಲ್ಲ. ನಿನ್ನೆ ಕಂಡದ್ದು ಇಂದು ಮಾಯವಾದರೆ ಸರ್ಚ್ ಪದದ ನಂತರ --ಎಕ್ಸ್‌ಕ್ಲೂಡ್=ಫಾಲ್ಸ್ ಸೇರಿಸಿ ನೋಡಿ.

ಮೇಲ್‌ಗಳು ಜಿಮೇಲ್‌ನಲ್ಲೂ ಇವೆ, ಡಿಸ್ಕ್‌ನಲ್ಲೂ ಇವೆ. ಆದರೆ ನೀವು ಕೂತು ಹಚ್ಚಿದ ಟ್ಯಾಗ್‌ಗಳು ನಾಟ್‌ಮಚ್‌ನ ಡೇಟಾಬೇಸ್‌ನಲ್ಲಿ ಮಾತ್ರ ಇವೆ. ಇಂಡೆಕ್ಸ್ ಕೆಟ್ಟರೆ ಅದನ್ನು ಅಳಿಸಿ ನಾಟ್‌ಮಚ್ ನ್ಯೂ ಓಡಿಸಿ ಮತ್ತೆ ಕಟ್ಟಬಹುದು, ಟ್ಯಾಗ್ ಮಾತ್ರ ಮರಳದು. ಆದ್ದರಿಂದ ವಾರಕ್ಕೊಮ್ಮೆ ಈ ಮೂರನ್ನು ಇದೇ ಕ್ರಮದಲ್ಲಿ ನಡೆಸಿ:

ಎಂಬಿಸಿಂಕ್ ಜಿಮೇಲ್
ನಾಟ್‌ಮಚ್ ನ್ಯೂ
ನಾಟ್‌ಮಚ್ ಡಂಪ್ --ಔಟ್‌ಪುಟ್=ಟ್ಯಾಗ್ಸ್.ಟಿಎಕ್ಸ್‌ಟಿ

ಆ ಕೊನೆಯ ಫೈಲನ್ನು ಬೇರೆ ಡಿಸ್ಕ್‌ಗೂ ನಕಲು ಮಾಡಿಡಿ. ಹೊಸ ಕಂಪ್ಯೂಟರ್‌ಗೆ ಹೋದಾಗ ಮೇಲ್ ಇಳಿಸಿ, ನಾಟ್‌ಮಚ್ ನ್ಯೂ ಮುಗಿಸಿ, ಅದಾದ ಮೇಲೆ ಮಾತ್ರ ನಾಟ್‌ಮಚ್ ರಿಸ್ಟೋರ್ --ಇನ್‌ಪುಟ್=ಟ್ಯಾಗ್ಸ್.ಟಿಎಕ್ಸ್‌ಟಿ ಕೊಡಿ. ಇಂಡೆಕ್ಸ್ ಆಗುವ ಮೊದಲೇ ಕೊಟ್ಟರೆ ಟ್ಯಾಗ್ ಹಚ್ಚಲು ಅಲ್ಲಿ ಮೇಲೇ ಇರುವುದಿಲ್ಲ.